ನಿಗ್ರಹ, ತಂತ್ರ, ಗುಣ: ಕನ್ನಡದ ಮನಶ್ಶಾಸ್ತ್ರ ಪಾಠದ ಮೂರು ಪದಗಳ ಚರಿತ್ರೆ

ರಾಮನಾಥಪುರವೆಂದರೆ ಹೊರಗಿನವರಿಗೆ ಕಾವೇರಿಯ ದಂಡೆ, ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇವಾಲಯಗಳು, ಸುಬ್ರಹ್ಮಣ್ಯನ ಜಾತ್ರೆ. ಅರಕಲಗೂಡು ತಾಲ್ಲೂಕಿನ ರೈತರಿಗೆ ಅದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಹೌದು. ಬ್ಯಾರನ್ನಿನಲ್ಲಿ ನಿದ್ದೆಗೆಟ್ಟು ಬೇಯಿಸಿದ ಹೊಗೆಸೊಪ್ಪಿನ ಬೇಲ್‌ಗೆ ಎಣಿಸಿದ ದರ ಬೀಳದ ದಿನ ಏನೇನು ಮಾತು ಹೊರಡಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸೊಪ್ಪು ಚೆನ್ನಾಗಿಯೇ ಇತ್ತು, ಕೊಳ್ಳುವವನ ಕಣ್ಣು ಸರಿಯಿಲ್ಲ. ಈ ಸಲ ದುಡ್ಡಿಗಾಗಿ ಬೆಳೆದದ್ದೇ ಅಲ್ಲ, ಭೂಮಿ ಬೀಳು ಬಿಡಬಾರದಲ್ಲ ಅಂತ ಹಾಕಿದ್ದು. ಸಂಜೆ ಮನೆಗೆ ಹೋದ ಮೇಲೆ ಮಗನ ಬೆನ್ನಿಗೊಂದು ಏಟು, ಕಾರಣ ಅವನು ಚಪ್ಪಲಿ ದಾರಿಯಲ್ಲಿ ಬಿಟ್ಟದ್ದು.

ಮನಶ್ಶಾಸ್ತ್ರದ ಮೊದಲ ಪಠ್ಯದ ‘ರಕ್ಷಣಾ ತಂತ್ರ’ಗಳ ಪಾಠದಲ್ಲಿ ಈ ಮೂರಕ್ಕೂ ಹೆಸರುಗಳಿವೆ: ಪ್ರಕ್ಷೇಪಣ, ತರ್ಕೀಕರಣ, ಸ್ಥಾನಪಲ್ಲಟ. ಕನ್ನಡ ನಾಲಿಗೆಯಲ್ಲಿ ಇವಕ್ಕೆ ಬಲು ಹಿಂದಿನಿಂದಲೇ ಬೇರೆ ಹೆಸರುಗಳಿದ್ದವು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಕುಣಿಯಲಾರದವಳು ನೆಲ ಡೊಂಕೆಂದಳು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಳು. ನಿರಾಕರಣೆ ಎಂಬ ತಂತ್ರಕ್ಕೂ ಒಂದುಂಟು, ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಅನುಭವ ಇಷ್ಟು ಸ್ಪಷ್ಟವಾಗಿದ್ದ ಭಾಷೆಯಲ್ಲಿ ಪಾಠ ಮಾತ್ರ ಮಂಜಾಗಿರುವುದೇಕೆ ಎಂಬುದು ಈ ಲೇಖನದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಸ್ತ್ರ ಕನ್ನಡಕ್ಕೆ ಬರುವಾಗ ಗಾದೆಯ ಬಾಗಿಲನ್ನು ಬಿಟ್ಟು ಸಂಸ್ಕೃತದ ಬಾಗಿಲಿನಿಂದ ಬಂತು. ಆ ದಾರಿಯಲ್ಲಿ ಸಿಕ್ಕ ಪದಗಳು ಖಾಲಿ ಪಾತ್ರೆಗಳಾಗಿರಲಿಲ್ಲ, ಅವುಗಳಲ್ಲಿ ಆಗಲೇ ಹಳೆಯ ಅಡುಗೆ ಇತ್ತು.

ನಿಗ್ರಹದಿಂದ ಶುರು ಮಾಡೋಣ. ಬೇಡದ ಆಸೆಯನ್ನು ಅರಿವಿದ್ದೇ ಪಕ್ಕಕ್ಕಿಡುವುದು ಒಂದು. ಅರಿವಿಗೇ ಬಾರದ ಹಾಗೆ ಅದು ಒಳಗೆ ಒತ್ತಿಹೋಗುವುದು ಇನ್ನೊಂದು. ಫ್ರಾಯ್ಡನ ಸಿದ್ಧಾಂತವೆಲ್ಲ ನಿಂತಿರುವುದು ಎರಡನೆಯದರ ಮೇಲೆ. ಕನ್ನಡ ಪಠ್ಯಗಳಲ್ಲಿ ದಮನ, ನಿಗ್ರಹ, ಅದುಮುವಿಕೆ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ತೊಡಕು ಬರೀ ಗೊಂದಲದ್ದಲ್ಲ. ಶಮ, ದಮ, ಇಂದ್ರಿಯನಿಗ್ರಹ ಇವೆಲ್ಲ ನಮ್ಮಲ್ಲಿ ಸಾಧಕನ ಸಂಪತ್ತು. ರೋಗದ ಮೂಲ ದಮನ ಎಂದು ಪುಸ್ತಕ ಹೇಳಿದಾಗ, ಹರಿಕಥೆ ಕೇಳಿ ಬೆಳೆದ ಮನೆಯ ಹುಡುಗಿಗೆ ಪುಸ್ತಕವೇ ಅಡ್ಡದಾರಿ ಹಿಡಿದಂತೆ ಕಂಡರೆ ತಪ್ಪು ಅವಳದಲ್ಲ. ಹಾಗೆಂದು ಹಳಬರಿಗೆ ನಿಗ್ರಹದ ಮೇಲೆ ಕುರುಡು ನಂಬಿಕೆಯಿತ್ತೆಂದೂ ಅಲ್ಲ. ಗೀತೆಯ ಮೂರನೆಯ ಅಧ್ಯಾಯ, ಕರ್ಮೇಂದ್ರಿಯಗಳನ್ನು ಕಟ್ಟಿ ಮನಸ್ಸಿನಲ್ಲಿ ವಿಷಯಗಳನ್ನೇ ನೆನೆಯುತ್ತ ಕೂತವನನ್ನು ಮಿಥ್ಯಾಚಾರಿ ಎನ್ನುತ್ತದೆ. ಜ್ಞಾನಿಯೂ ತನ್ನ ಪ್ರಕೃತಿಯಂತೆಯೇ ನಡೆಯುವಾಗ ನಿಗ್ರಹದಿಂದ ಆಗುವುದೇನು ಎಂಬ ಸಂದೇಹವೂ ಅದೇ ಅಧ್ಯಾಯದಲ್ಲಿದೆ. ಸ್ವಭಾವ ಮತ್ತು ರಕ್ಷಣೆ, ಪಠ್ಯದ ಎರಡು ಬೇರೆ ಅಧ್ಯಾಯಗಳ ವಿಷಯ, ಅಲ್ಲಿ ಒಂದೇ ಶ್ಲೋಕದಲ್ಲಿ ಎದುರುಬದುರಾಗಿವೆ.

ಇದನ್ನು ಬಿಡಿಸಿ ಹೇಳಬಹುದಾಗಿದ್ದ ವಿದ್ವಾಂಸರು ಮೈಸೂರು ಸೀಮೆಯಲ್ಲಿ ಇರಲಿಲ್ಲವೇ? ಇದ್ದರು. ಆದರೆ ಇಲ್ಲಿನ ಮನಶ್ಶಾಸ್ತ್ರದ ವಂಶಾವಳಿ ಬೇರೆ ತರಹದ್ದು. ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಮೊದಲ ಪಠ್ಯಕ್ರಮವನ್ನು 1905ರಲ್ಲಿ ರೂಪಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ 1916ರಲ್ಲಿ ಅಲ್ಲೇ ಹುಟ್ಟಿತು. ಗಿರೀಂದ್ರಶೇಖರ ಬೋಸರು ದಮನದ ಪರಿಕಲ್ಪನೆಯನ್ನೇ ವಿಷಯವಾಗಿಸಿಕೊಂಡು 1921ರಲ್ಲಿ ಪ್ರಬಂಧ ಪ್ರಕಟಿಸಿ, ಅದನ್ನು ಫ್ರಾಯ್ಡನಿಗೂ ಕಳಿಸಿ, ಮರುವರ್ಷ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದೂ ಅದೇ ಊರಿನಲ್ಲಿ. ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದದ್ದು ಅದೇ 1921ರಲ್ಲಿ. ಅವರ ಕಾಲದಲ್ಲೇ, 1924ರಲ್ಲಿ, ದೇಶದ ಎರಡನೆಯ ಮನಶ್ಶಾಸ್ತ್ರ ವಿಭಾಗ ಮೈಸೂರಿನಲ್ಲಿ ಶುರುವಾಯಿತು. ಕಲ್ಕತ್ತದ ಗಾಳಿ ಹೀಗೆ ನೇರವಾಗಿ ಬೀಸಿತ್ತಾದರೂ ವಿಭಾಗವನ್ನು ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ತರಬೇತಾದವರು. ಸ್ಪಿಯರ್‌ಮನ್ ಎಂದರೆ ಬುದ್ಧಿಶಕ್ತಿಯ ಅಳತೆ, ಅಂಕಿಗಳ ಹೊಂದಾಣಿಕೆ, ಅಂಶ ವಿಶ್ಲೇಷಣೆ. ಗೋಪಾಲಸ್ವಾಮಿಯವರಿಗೆ ಉಪಕರಣಗಳ ಹುಚ್ಚು ಎಷ್ಟಿತ್ತೆಂದರೆ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ದೇಶದ ಬಾನುಲಿಗೆಲ್ಲ ಮುಂದೆ ನಿಂತ ‘ಆಕಾಶವಾಣಿ’ ಎಂಬ ಹೆಸರು ಮನಶ್ಶಾಸ್ತ್ರದ ಒಬ್ಬ ಮೇಷ್ಟರ ಮನೆಯಿಂದ ಹೊರಟಿತೆಂಬುದು ನಮ್ಮವರಿಗೆ ಈಗ ಮರೆತೇಹೋಗಿದೆ. ಇಂಥ ಪ್ರಯೋಗಶಾಲೆಯಲ್ಲಿ ಅಳೆಯಲು ಬರುವ ಸ್ವಭಾವಕ್ಕೆ ಮೊದಲ ಮಣೆ ಸಿಕ್ಕಿ, ಅಳತೆಗೆ ಸಿಗದ ದಮನಕ್ಕೆ ಪಡಸಾಲೆ ಸಿಕ್ಕಿರಬೇಕು ಎಂಬುದು ನನ್ನ ಊಹೆ.

ಇನ್ನೊಂದು ದಾರಿ ಬೆಂಗಳೂರಿನ ಆಸ್ಪತ್ರೆಯದು. ಅಲ್ಲಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಅದರ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎದ್ದಿತು, ಡಾ. ಎಂ.ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರಾದರು. ಇಂದಿನ ನಿಮ್ಹಾನ್ಸ್ ರೂಪುಗೊಂಡದ್ದು 1974ರಲ್ಲಿ. ಈ ಸಂಸ್ಥೆಯಲ್ಲಿ ಮನಶ್ಶಾಸ್ತ್ರ ಕಲಿಸಿದವರಲ್ಲಿ ಹಾಸನದಲ್ಲಿ ಹುಟ್ಟಿದ ಸಾಲಿಗ್ರಾಮ ಕೃಷ್ಣ ರಾಮಚಂದ್ರರಾಯರು (1925–2006) ಒಬ್ಬರು. ಮನೆತನದ ಹೆಸರಿನಲ್ಲಿರುವ ಸಾಲಿಗ್ರಾಮ ರಾಮನಾಥಪುರಕ್ಕೆ ದೂರದ ಊರೇನಲ್ಲ. ಸಂಸ್ಕೃತ, ಪಾಲಿ, ಟಿಬೆಟನ್ ಬಲ್ಲ ಈ ಎಸ್.ಕೆ. ರಾಮಚಂದ್ರರಾಯರನ್ನು ಇಂದಿನ ಓದುಗರು ಹನ್ನೆರಡು ಸಂಪುಟಗಳ ಆಗಮಕೋಶದ ಕರ್ತೃವೆಂದೇ ಬಲ್ಲರು. ಆಸ್ಪತ್ರೆಯ ರೋಗಿಗಳ ನಡುವೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞನೆಂಬ ಮಾತು ಆ ಸಂಪುಟಗಳ ಕೆಳಗೆ ಹೂತುಹೋಗಿದೆ. ಭಾರತದಲ್ಲಿ ಮನೋವಿಚಾರ ಬೆಳೆದ ಬಗೆಯ ಮೇಲೆ 1962ರಲ್ಲಿ ಅವರ ಪುಸ್ತಕ ಮೈಸೂರಿನ ಕಾವ್ಯಾಲಯದಿಂದ ಬಂತು. ಬಂದದ್ದು ಇಂಗ್ಲಿಷಿನಲ್ಲಿ.

ಇದು ನಷ್ಟವೆಂದೇ ನನ್ನ ಲೆಕ್ಕ. ಯೋಗಸೂತ್ರಗಳು ಐದು ಕ್ಲೇಶಗಳನ್ನು ಹೇಳಿ, ಅವಕ್ಕೆ ನಾಲ್ಕು ಸ್ಥಿತಿಗಳನ್ನು ಹೇಳುತ್ತವೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಮಲಗಿರುವ ಕ್ಲೇಶ, ಸಣ್ಣಗಾದ ಕ್ಲೇಶ, ಇನ್ನೊಂದು ಅಡ್ಡಬಂದು ತಾತ್ಕಾಲಿಕವಾಗಿ ತಡೆದಿರುವ ಕ್ಲೇಶ, ಹರಿಯಬಿಟ್ಟ ಕ್ಲೇಶ. ಅರಿವಿದ್ದು ತಡೆದದ್ದಕ್ಕೂ ಅರಿವಿಲ್ಲದೆ ಅಡಗಿದ್ದಕ್ಕೂ ನಡುವಿನ ಗೆರೆಯನ್ನು ಕನ್ನಡದಲ್ಲಿ ಎಳೆಯಲು ಇದಕ್ಕಿಂತ ಹದವಾದ ಸಾಮಗ್ರಿ ಬೇಡ. ಎರಡೂ ದಡ ಕಂಡವರು ಕೈಗೆ ಸಿಕ್ಕಿದ್ದಾಗ ಪಠ್ಯ ಬರೆಯುವವರು ನಿಘಂಟು ಹಿಡಿದು ಕೂತರು.

ಎರಡನೆಯ ಪದ ತಂತ್ರ. ಫ್ರಾಯ್ಡ್ 1894ರ ಲೇಖನದಲ್ಲಿ ಬಳಸಿದ ಜರ್ಮನ್ ಮಾತು ‘ಆಬ್ವೇರ್’, ಮೈಮೇಲೆ ಬರುವುದನ್ನು ತಡೆದು ಹಿಮ್ಮೆಟ್ಟಿಸುವುದು ಎಂದರ್ಥ. ಆ ಮಾತನ್ನು ಬಹುಕಾಲ ಬದಿಗಿಟ್ಟು 1926ರಲ್ಲಿ ಆತಂಕದ ಕುರಿತ ಪುಸ್ತಕದಲ್ಲಿ ಮತ್ತೆ ಕೈಗೆತ್ತಿಕೊಂಡ. ಮಗಳು ಆನಾ ಫ್ರಾಯ್ಡ್ 1936ರಲ್ಲಿ, ಅಪ್ಪನ ಎಂಬತ್ತನೆಯ ಹುಟ್ಟುಹಬ್ಬದ ವರ್ಷ, ರಕ್ಷಣೆಯ ಬಗೆಗಳನ್ನು ಒಂದು ಪುಸ್ತಕವಾಗಿ ಪೋಣಿಸಿದಳು. ಪರೀಕ್ಷೆಯಲ್ಲಿ ಬರೆಸುವ ಪಟ್ಟಿಯ ಮೂಲ ಅಲ್ಲಿದೆ. ತರ್ಕೀಕರಣವನ್ನು ಮಾತ್ರ ಹೆಸರಿಟ್ಟು ಕರೆದವನು ಅರ್ನೆಸ್ಟ್ ಜೋನ್ಸ್, 1908ರಲ್ಲಿ.

ಕನ್ನಡದಲ್ಲಿ ಇದು ‘ರಕ್ಷಣಾ ತಂತ್ರ’ವಾಯಿತು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆ ಮನಶ್ಶಾಸ್ತ್ರವೆಂಬುದರ ಪರಿಚಯ ಹೆಚ್ಚಿನವರಿಗೆ ಆಗುವುದು ಮೇಷ್ಟ್ರ ತರಬೇತಿಯಲ್ಲಿ, ಹಿಂದಿನ ಟಿ.ಸಿ.ಎಚ್., ಆಮೇಲಿನ ಡಿ.ಎಡ್. ಮತ್ತು ಬಿ.ಎಡ್. ತರಗತಿಯ ಶೈಕ್ಷಣಿಕ ಮನಶ್ಶಾಸ್ತ್ರದಲ್ಲಿ. ತಂತ್ರವೆಂದರೆ ನಮ್ಮ ಬಳಕೆಯಲ್ಲಿ ಹೂಟ, ಚಾಣಾಕ್ಷತೆ. ಕುತಂತ್ರವೂ ಅದರ ನೆಂಟನೇ. ಹೀಗಾಗಿ ಉತ್ತರ ಪತ್ರಿಕೆಗಳಲ್ಲಿ ಒಂದೇ ತಪ್ಪು ತಿರುತಿರುಗಿ ಕಾಣುತ್ತದೆ: ತಪ್ಪು ಮುಚ್ಚಿಕೊಳ್ಳಲು ವಿದ್ಯಾರ್ಥಿ ಬೇಕೆಂದೇ ಹೂಡುವ ಉಪಾಯ ಎಂಬ ವಿವರಣೆ. ಈ ಬಗೆಗಳು ಬಹುಮಟ್ಟಿಗೆ ಮಾಡುವವನಿಗೆ ತಿಳಿಯದೆ ನಡೆಯುತ್ತವೆ ಎಂಬ ತಿರುಳೇ ಹಾರಿಹೋಗುತ್ತದೆ. ನೆಲ ಡೊಂಕೆಂದವಳು ಸುಳ್ಳು ಹೇಳುತ್ತಿಲ್ಲ, ಅವಳ ಕಣ್ಣಿಗೆ ನೆಲ ಡೊಂಕಾಗಿಯೇ ಕಾಣುತ್ತಿದೆ. ಗಾದೆಯಲ್ಲಿ ಹಾಸ್ಯ ಹುಟ್ಟುವುದೇ ಇದರಿಂದ. ಇದನ್ನು ‘ತಡೆ’ ಎಂದು ಕರೆದಿದ್ದರೂ ಸಾಕಿತ್ತು.

ಹಾಸ್ಯವೆಂದಾಗ ಡಾ. ಎಂ. ಶಿವರಾಂ ನೆನಪಾಗಲೇಬೇಕು. ‘ರಾಶಿ’ ಎಂಬ ಹೆಸರಿನಿಂದ ಬರೆದ ಈ ಬೆಂಗಳೂರಿನ ವೈದ್ಯರು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತೆಗೆದರು. ಆರ್.ಕೆ. ಲಕ್ಷ್ಮಣರ ಎಳವೆಯ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. ಅದೇ ಲೇಖಕರ ಮನಶ್ಶಾಸ್ತ್ರದ ಪುಸ್ತಕ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿ, ಕವನಗಳಿಗೆ ಮೀಸಲೆಂಬಂತಿದ್ದ ಮಣೆಯ ಮೇಲೆ ಮನೋರೋಗದ ಪುಸ್ತಕವೊಂದು ಕೂತದ್ದು ಕನ್ನಡದಲ್ಲಿ. ನಗೆಯನ್ನೂ ರಕ್ಷಣೆಯ ಒಂದು ಬಗೆಯೆಂದೇ ಫ್ರಾಯ್ಡ್ ಎಣಿಸಿದ್ದ. ಅಮೆರಿಕದ ಜಾರ್ಜ್ ವೇಲಂಟ್, ಹಾರ್ವರ್ಡ್ ಕಾಲೇಜಿನ ಯುವಕರನ್ನು 1938ರಿಂದ ಹಿಂಬಾಲಿಸಿಕೊಂಡು ಬಂದ ಅಧ್ಯಯನವನ್ನು ಆಧರಿಸಿ 1977ರಲ್ಲಿ ಬರೆದ ಪುಸ್ತಕದಲ್ಲಿ ರಕ್ಷಣೆಗಳನ್ನು ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸಿ, ಹಾಸ್ಯವನ್ನು ಪಕ್ವವಾದವುಗಳ ಸಾಲಿನಲ್ಲಿಟ್ಟ. ಅದೇ ಸಾಲಿನಲ್ಲಿ ಅರಿವಿದ್ದು ಆಸೆಯನ್ನು ತಡೆಹಿಡಿಯುವುದೂ ಇದೆ. ಹರಿಕಥೆ ಕೇಳಿದ ಹುಡುಗಿ ಪುಸ್ತಕದ ಮೇಲೆ ಅನುಮಾನಪಟ್ಟದ್ದು ಅರ್ಧ ಸರಿಯೇ ಆಗಿತ್ತು.

ಸ್ವಭಾವದ ಲಕ್ಷಣಗಳಿಗೆ ಪಠ್ಯ ಕೊಟ್ಟ ಮೂರನೆಯ ಪದ ಗುಣ. ಅದರ ಕಥೆ ಇವೆರಡಕ್ಕಿಂತ ತೊಡಕಿನದು. ಆನಾ ಫ್ರಾಯ್ಡಳ ಪುಸ್ತಕ ಬಂದ 1936ರಲ್ಲೇ ಗಾರ್ಡನ್ ಆಲ್ಪೋರ್ಟ್ ಮತ್ತು ಆಡ್ಬರ್ಟ್ ಎಂಬ ಇಬ್ಬರು ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ, ಮನುಷ್ಯನ ಸ್ವಭಾವ, ನಡತೆಗಳನ್ನು ಹೇಳುವ 17,953 ಪದಗಳನ್ನು ಹೆಕ್ಕಿದರು. ಸ್ಥಿರವಾದ ಸ್ವಭಾವಲಕ್ಷಣವೆಂದು ಉಳಿಸಿಕೊಂಡವು 4,504. ಹೊಗಳಿಕೆ, ತೆಗಳಿಕೆಯ ಪದಗಳನ್ನು ಬೇರೆ ಪಟ್ಟಿಗೆ ದೂಡಿದರು, ಮೌಲ್ಯ ತೂಗುವುದು ವಿಜ್ಞಾನದ ಕೆಲಸವಲ್ಲ ಎಂಬ ನಿಲುವಿನಿಂದ. ಆ ರಾಶಿಯನ್ನು ಅಂಶ ವಿಶ್ಲೇಷಣೆಯಲ್ಲಿ ಅರೆದು 1949ರಲ್ಲಿ ಹದಿನಾರು ಅಂಶಗಳ ಪರೀಕ್ಷೆ ಹೊರತಂದ ರೇಮಂಡ್ ಕ್ಯಾಟೆಲ್ ಕೂಡ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಗರಡಿಯಲ್ಲಿ ಪಳಗಿದವನು, ನಮ್ಮ ಗೋಪಾಲಸ್ವಾಮಿಯವರ ಹಾಗೆ.

ಕನ್ನಡದಲ್ಲಿ ಇಂಥ ಜಾಲಾಟ ನಡೆಸಿದರೆ ಮೊದಲ ಪಟ್ಟಿ ತೆಳ್ಳಗೂ ಎರಡನೆಯದು ದಪ್ಪಗೂ ಬರುತ್ತದೆಂದು ನನಗೆ ಅನುಮಾನ. ಜುಗ್ಗ, ಮುಂಗೋಪಿ, ಗುಮ್ಮನಗುಸುಕ, ಬಾಯಿಬಡುಕಿ, ಜಗಮೊಂಡ, ಪುಕ್ಕಲ, ಸೋಂಬೇರಿ. ತೀರ್ಪಿಲ್ಲದ ಪದ ಹುಡುಕುವುದೇ ಕಷ್ಟ. ‘ಗುಣ’ಕ್ಕಂತೂ ಗುಣವಂತ, ಗುಣಗೇಡಿ ಎಂದು ತಕ್ಕಡಿ ಕಟ್ಟಿಕೊಂಡೇ ಬಂದಿದೆ. ಅದರ ಹಿಂದೆ ಸಾಂಖ್ಯರ ತ್ರಿಗುಣಗಳು. ಚರಕಸಂಹಿತೆಯ ಶಾರೀರಸ್ಥಾನ ಮನುಷ್ಯರ ಮನಸ್ಸನ್ನು ಹದಿನಾರು ಬಗೆಯಾಗಿ ವಿಂಗಡಿಸಿ ಏಳನ್ನು ಸಾತ್ವಿಕಕ್ಕೆ, ಆರನ್ನು ರಾಜಸಕ್ಕೆ, ಮೂರನ್ನು ತಾಮಸಕ್ಕೆ ಹಂಚುತ್ತದೆ. ಕ್ಯಾಟೆಲ್‌ನದೂ ಹದಿನಾರೇ ಎಂದು ಪುಳಕಗೊಳ್ಳುವವರನ್ನು ಕಂಡಿದ್ದೇನೆ. ಸಂಖ್ಯೆ ಹೊಂದಿದ್ದು ಆಕಸ್ಮಿಕ. ಚರಕನದು ಮೇಲು ಕೀಳಿನ ಏಣಿ, ಕ್ಯಾಟೆಲ್‌ನದು ಎಲ್ಲರೂ ಸ್ವಲ್ಪ ಸ್ವಲ್ಪ ಪಡೆದಿರುವ ಅಂಶಗಳ ಅಳತೆ.

ಸ್ವಭಾವವನ್ನು ತಕ್ಕಡಿಯಿಲ್ಲದೆ ತೋರಿಸುವ ಕೆಲಸವನ್ನು ಕನ್ನಡದಲ್ಲಿ ಮಾಡಿದ್ದು ಪಠ್ಯವಲ್ಲ, ಕಾದಂಬರಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಓದಿದವರಿಗೆ ಗಂಗಮ್ಮನ ಬೈಗುಳ, ಚೆನ್ನಿಗರಾಯನ ಹೊಟ್ಟೆಬಾಕತನ ಗೊತ್ತು. ಪ್ಲೇಗಿಗೆ ಮಕ್ಕಳನ್ನು ಕೊಟ್ಟ ಮೇಲೂ ಶಾನುಭೋಗಿಕೆಯ ಲೆಕ್ಕ ಬರೆಯುವ ನಂಜಮ್ಮನೂ ಗೊತ್ತು. ಉದಾತ್ತೀಕರಣಕ್ಕೆ, ಎಂದರೆ ತಡೆದ ಆಸೆ ಮೇಲುಮಟ್ಟದ ಕೆಲಸವಾಗಿ ಹರಿಯುವುದಕ್ಕೆ, ಉದಾಹರಣೆ ಕೊಡಿ ಎಂದರೆ ಲಿಯೊನಾರ್ಡೊ ಡಾ ವಿಂಚಿಯ ಹೆಸರು ಬರೆಯುವ ನಮ್ಮ ವಿದ್ಯಾರ್ಥಿಗಳು ನಂಜಮ್ಮನನ್ನು ನೆನೆಯುವುದಿಲ್ಲ.

ಶಾಸ್ತ್ರವನ್ನೇ ಓದಿ ಕಾದಂಬರಿಗೆ ಬಂದವರು ತ್ರಿವೇಣಿ (1928–1963). ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವರು, ಎಂದರೆ ಗೋಪಾಲಸ್ವಾಮಿಯವರು ಕಟ್ಟಿದ ವಿಭಾಗದ ಫಸಲು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದ ಮೇಲೆ ಮನೋರೋಗದ ಮಾತು ಹಳ್ಳಿಯ ಟೆಂಟಿನವರೆಗೆ ಹೋಯಿತು. ನಾಯಕಿಯ ಹೆಸರು ಕಾವೇರಿ. ಬಾಣಂತಿತನದಲ್ಲಿ ಅವಳ ಮನಸ್ಸು ಕದಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಮನೆಗೆ ಮರಳಿದ ಮೇಲೆ ತೊಡಕು. ಇಲ್ಲಿ ರಕ್ಷಣಾ ತಂತ್ರಗಳನ್ನು ಕಾವೇರಿಯಲ್ಲಿ ಹುಡುಕುವುದು ವಿಮರ್ಶಕರ ರೂಢಿ. ನನಗೆ ಅವು ಕಾಣುವುದು ಆರೋಗ್ಯವಂತರಲ್ಲಿ. ತನ್ನ ತಪ್ಪನ್ನು ಹೆಂಡತಿಯ ಮೇಲೆ ಹಾಕಿ ಹಗುರಾಗುವ ಗಂಡ, ಅವಳ ಒಂದೊಂದು ಸಹಜ ನಗೆಗೂ ಹಳೆಯ ಹುಚ್ಚನ್ನೇ ಅಂಟಿಸುವ ನೆಂಟರಿಷ್ಟರು, ನೆರೆಹೊರೆ. ಪ್ರಕ್ಷೇಪಣ, ತರ್ಕೀಕರಣ, ನಿರಾಕರಣೆ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ, ಯಾರಿಗೂ ತಾವು ತಂತ್ರ ಹೂಡುತ್ತಿದ್ದೇವೆಂಬ ಅರಿವಿಲ್ಲ.

ಕಾಯಿಲೆ ವಾಸಿಯಾದದ್ದಕ್ಕೂ ನಾವು ‘ಗುಣವಾಯಿತು’ ಎನ್ನುತ್ತೇವೆ. ಆಸ್ಪತ್ರೆಯವರು ಕಾವೇರಿಯನ್ನು ಕಳಿಸಿಕೊಟ್ಟದ್ದು ಆ ಅರ್ಥದಲ್ಲಿ. ಬಾಗಿಲಲ್ಲಿ ಬರಮಾಡಿಕೊಂಡ ಮನೆಯವರು ನೋಡಿದ್ದು ಅವಳ ಗುಣವನ್ನು, ಇನ್ನೊಂದು ಅರ್ಥದಲ್ಲಿ.