ಲತಾಮಂಟಪದ ಪೂರ್ವವೃತ್ತಾಂತ

ಮನೆಯಂಗಳದಲ್ಲಿ ಚಪ್ಪರವೊಂದನ್ನು ನಿಲ್ಲಿಸಿ, ಅದರ ಮೇಲೆ ಯಾವ ಹೂಬಳ್ಳಿಯನ್ನು ಹಬ್ಬಿಸಿದರೆ ಉಚಿತವಾದೀತೆಂದು ಆಲೋಚಿಸುವ ಗೃಹಸ್ಥನು, ತನಗೆ ಅರಿವಿಲ್ಲದೆಯೇ, ಈ ದೇಶದ ಕವಿಗಳೂ ಅರಸರೂ ತೋಟದ ಮಾಲಿಗಳೂ ಗೃಹಿಣಿಯರೂ ಶತಮಾನಗಳಿಂದ ತಮತಮಗೆ ತೋರಿದಂತೆ ಉತ್ತರ ಹೇಳುತ್ತ ಬಂದಿರುವ ಒಂದು ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳುತ್ತಿರುತ್ತಾನೆ. ಆ ಉತ್ತರಗಳು ಒಂದೇ ಬಗೆಯವಾಗಿಲ್ಲ. ಪೂರ್ವದವರು ಬಳ್ಳಿಯಿಂದ ಮೊದಲು ಬಯಸಿದ್ದು ಪರಿಮಳವನ್ನು, ಅನಂತರ ನೆರಳನ್ನು. ಈಚಿನವರು ಬಯಸಿದ್ದು ದೂರದಿಂದಲೇ ಕಣ್ಸೆಳೆಯುವ ವರ್ಣವನ್ನು. ಬಯಕೆಯು ಬದಲಾದಂತೆಲ್ಲ ಚಪ್ಪರವೂ ತನ್ನ ಸ್ಥಾನವನ್ನು ಬಿಟ್ಟು ಸರಿಯಿತು: ಹಿತ್ತಿಲಿನ ಬಾವಿಕಟ್ಟೆಯ ಬಳಿಯಲ್ಲಿದ್ದುದು ರಸ್ತೆಯ ಕಡೆಯ ಹೆಬ್ಬಾಗಿಲಿಗೆ ಬಂದು ನಿಂತಿತು. ಈ ಪಲ್ಲಟವು ಬೆಂಗಳೂರಿನ ಸೀಮೆಯಲ್ಲಿ ನಡೆದಷ್ಟು ಸ್ಪಷ್ಟವಾಗಿ ನಮ್ಮ ನಾಡಿನ ಬೇರೆಲ್ಲಿಯೂ ನಡೆದಂತೆ ನನಗೆ ತೋರುವುದಿಲ್ಲ.

ಸಂಸ್ಕೃತ ಕಾವ್ಯಗಳಲ್ಲಿ ಲತಾಮಂಟಪಕ್ಕೆ ಒಪ್ಪುವ ಬಳ್ಳಿಗಳಲ್ಲಿ ಅಗ್ರಸ್ಥಾನವು ಮಾಧವಿಯದು. ಮೇಘದೂತದ ಯಕ್ಷನು ಅಲಕಾನಗರಿಯಲ್ಲಿರುವ ತನ್ನ ಮನೆಯ ಗುರುತುಗಳನ್ನು ಮೇಘಕ್ಕೆ ತಿಳಿಸುವಾಗ, ಕುರವಕದ ಬೇಲಿಯುಳ್ಳ ಮಾಧವೀಮಂಟಪವನ್ನೂ ಅದರ ಸನಿಹದಲ್ಲಿಯೇ ನಿಂತಿರುವ ಕೆಂಪಶೋಕ ಬಕುಳಗಳನ್ನೂ ಮರೆಯದೆ ಹೇಳುತ್ತಾನೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ನವಮಾಲಿಕೆಯೊಂದು ಮಾವಿನ ಮರವನ್ನು ತಾನಾಗಿಯೇ ವರಿಸಿ ಸೇರಿದೆ. ಶಕುಂತಲೆಯು ಅದಕ್ಕೆ ವನಜ್ಯೋತ್ಸ್ನೆಯೆಂದು ಹೆಸರಿಟ್ಟಿದ್ದಾಳೆ. ಮಾಧವಿಯು ಕವಿಯ ಕಲ್ಪನೆಯ ಬಳ್ಳಿಯಲ್ಲ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿಯೂ ಅದು ಮರಗಳನ್ನಡರಿ ಬೆಳೆಯುತ್ತದೆ. ಮಾಗಿಯು ಕಳೆದು ವಸಂತವು ಸಮೀಪಿಸುವ ಹೊತ್ತಿಗೆ, ಅಂಚು ಕತ್ತರಿಸಿದಂತಿರುವ ಬಿಳಿಯ ಎಸಳುಗಳ ನಡುವೆ ಒಂದೇ ಎಸಳಿಗೆ ಹಳದಿಯ ಛಾಯೆಯನ್ನು ತಾಳಿದ ಅದರ ಹೂಗೊಂಚಲುಗಳು ಬಲು ದೂರಕ್ಕೆ ಕಂಪನ್ನು ಬೀರುತ್ತವೆ. ಹೂವಾದ ಬಳಿಕ ಮೂರು ರೆಕ್ಕೆಗಳುಳ್ಳ ಕಾಯಿಗಳು ಗಾಳಿಯಲ್ಲಿ ಗಿರಗಿರನೆ ಸುತ್ತುತ್ತ ಇಳಿಯುತ್ತವೆ. ಕಲ್ಕತ್ತೆಯ ನ್ಯಾಯಾಧೀಶನಾಗಿದ್ದು 1789ರಲ್ಲಿ ಶಾಕುಂತಲದ ಆಂಗ್ಲಾನುವಾದವನ್ನು ಪ್ರಕಟಿಸಿದ ಸರ್ ವಿಲಿಯಂ ಜೋನ್ಸನು, ನಾಟಕದಲ್ಲಿ ಕಂಡ ಬಳ್ಳಿಗಳನ್ನು ತೋಟದಲ್ಲಿ ಹುಡುಕಿ, ಮಾಧವಿಯನ್ನು ಸಸ್ಯಶಾಸ್ತ್ರದ ಕ್ರಮದಲ್ಲಿ ವರ್ಣಿಸಿದನು. ಕಾವ್ಯವನ್ನು ಓದಿದವನು ಗಿಡದ ಬಳಿಗೂ ಹೋಗಬೇಕೆಂಬ ಆ ವಿದ್ವಾಂಸನ ಹಠವು ನನಗೆ ಬಹು ಪ್ರಿಯವಾದುದು.

ಕನ್ನಡನಾಡಿನ ಮಾತಿಗೆ ಬಂದರೆ, ಹತ್ತನೆಯ ಶತಮಾನದ ಪಂಪನು ಬನವಾಸಿಯ ಸೊಬಗನ್ನು ಬಣ್ಣಿಸುವೆಡೆಯಲ್ಲಿ ಮಾಮರವನ್ನೂ ಎಲೆಬಳ್ಳಿಯನ್ನೂ ಹೂತ ಜಾಜಿಯನ್ನೂ ಸಂಪಗೆಯನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾನೆ. ಹೂಬಳ್ಳಿಯೊಡನೆ ವೀಳ್ಯದೆಲೆಯ ಬಳ್ಳಿಯೂ ಅಲ್ಲಿ ಬಂದಿರುವುದು ಆಕಸ್ಮಿಕವೆಂದು ಎಣಿಸಬೇಕಾಗಿಲ್ಲ. ಬಳ್ಳಿಯನ್ನು ಆಸರೆಗೆ ಹಬ್ಬಿಸುವ ಕೌಶಲವನ್ನು ನಮ್ಮವರು ಬಹುಮಟ್ಟಿಗೆ ಎಲೆತೋಟದಲ್ಲಿಯೇ ಕಲಿತರೆಂದು ನಾನು ಭಾವಿಸುತ್ತೇನೆ. ಹಾಲುವಾಣವನ್ನೋ ಅಗಸೆಯನ್ನೋ ನುಗ್ಗೆಯನ್ನೋ ಮೊದಲು ನೆಟ್ಟು, ಅದು ಬೆಳೆದ ಮೇಲೆ ಬಳ್ಳಿಯನ್ನು ಬಾಳೆಯ ನಾರಿನಿಂದ ಸಡಿಲವಾಗಿ ಕಟ್ಟಿ ಮೇಲಕ್ಕೆ ನಡೆಸುವ ಆ ಕ್ರಮದಲ್ಲಿ, ಆಸರೆಯು ಬಳ್ಳಿಗಿಂತ ಮುಂಚೆ ಸಿದ್ಧವಾಗಿರಬೇಕು, ಕಟ್ಟು ಬಿಗಿಯಾಗಿರಬಾರದು ಎಂಬ ಎರಡು ನಿಯಮಗಳು ಅಡಗಿವೆ. ಇಂದಿಗೂ ಅವನ್ನು ಮೀರಿದವನ ಚಪ್ಪರವು ಏಳಿಗೆಯಾಗುವುದಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನೆಂಬ ಪಂಡಿತನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವು ಮೀಸಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನ ವಿನೋದಗಳ ಸಾಲಿನಲ್ಲಿ ವನಕ್ರೀಡೆಯನ್ನೂ ಸೇರಿಸಿದೆ.

ಅರಸರ ಉಪವನಗಳು ಅಳಿದವು; ಅಳಿಯದೆ ಉಳಿದುದು ಹಿತ್ತಿಲಿನ ಮಲ್ಲಿಗೆಯ ಚಪ್ಪರ. ನಮ್ಮ ಉದ್ಯಾನಚರಿತ್ರೆಯನ್ನು ಬರೆಯುವವರು ಅರಮನೆಗಳ ಕಡೆಗೇ ದೃಷ್ಟಿಯಿಟ್ಟು ಇದನ್ನು ಅಲಕ್ಷಿಸಿದ್ದಾರೆಂಬುದು ನನ್ನ ದೂರು. ಬಿದಿರಿನ ನಾಲ್ಕು ಗಳುಗಳನ್ನೋ ಅಡಕೆಯ ದಬ್ಬೆಗಳನ್ನೋ ನೆಟ್ಟು, ಕಲ್ಲು ಸುಲಭವಾಗಿ ದೊರೆಯುವ ಸೀಮೆಯಲ್ಲಿ ಕಲ್ಲುಕಂಬಗಳನ್ನೇ ನಿಲ್ಲಿಸಿ, ಮೇಲೆ ಅಡ್ಡಗಳುಗಳನ್ನು ಹರಡಿ, ಬಚ್ಚಲ ನೀರು ಹರಿದುಬರುವ ಕಾಲುವೆಯ ಬಾಯಲ್ಲಿ ಜಾಜಿಯ ಕಡ್ಡಿಯನ್ನು ಊರಿದರೆ ಆ ಕುಟುಂಬದ ಉದ್ಯಾನವು ಸಿದ್ಧವಾಯಿತು. ಅದರ ಎತ್ತರವನ್ನು ಗೊತ್ತುಮಾಡಿದ್ದು ಶಿಲ್ಪಶಾಸ್ತ್ರವಲ್ಲ, ಹೂ ಬಿಡಿಸುವ ಹೆಂಗಸಿನ ಮೇಲೆತ್ತಿದ ಕೈ. ಮೊಗ್ಗು ಅರಳುವ ಮುನ್ನವೇ ಬಿಡಿಸಿ ಕಟ್ಟಬೇಕಾದ ಹೂವಿಗೆ ಕೈಗೆಟುಕದ ಚಪ್ಪರವು ನಿಷ್ಪ್ರಯೋಜಕವಷ್ಟೆ. ಬೇಸಗೆಯ ಮೊದಲಿನಿಂದ ದುಂಡುಮಲ್ಲಿಗೆ, ಮಳೆಗಾಲದುದ್ದಕ್ಕೂ ಜಾಜಿ, ಇವುಗಳ ನಡುವೆ ತನ್ನ ಸರದಿಯನ್ನು ಕಾಯುವ ಸೂಜಿಮಲ್ಲಿಗೆ ಎಂಬಂತೆ, ದೇವರ ಮನೆಗೂ ಮುಡಿಗೂ ಹೂವು ತಪ್ಪದಂತೆ ಬಳ್ಳಿಗಳನ್ನು ಆರಿಸುತ್ತಿದ್ದರು. ಮಲ್ಲಿಗೆಯು ತಾನಾಗಿಯೇ ಕಂಬವನ್ನು ಬಿಗಿದಪ್ಪಿ ಏರತಕ್ಕ ಬಳ್ಳಿಯಲ್ಲ. ಅದು ಬಾಗಿ ಒರಗುವ ಪೊದೆ. ಹೊಸ ಚಿಗುರಿನಲ್ಲಿಯೇ ಅದು ಹೂ ಬಿಡುವುದರಿಂದ, ವರ್ಷಕ್ಕೊಮ್ಮೆ ನಿರ್ದಾಕ್ಷಿಣ್ಯವಾಗಿ ಸವರಿದರಲ್ಲದೆ ಫಲವಿಲ್ಲ. ಆದುದರಿಂದ ಆ ಚಪ್ಪರವೆಂದರೆ ಮನೆಯವರ ನಿತ್ಯದ ಕೈಗೆಲಸ. ನೆಟ್ಟು ಮರೆಯುವ ಅಲಂಕಾರವಲ್ಲ. ಕರಾವಳಿಯ ಮನೆಗಳಲ್ಲಿ ಬಸಳೆಯ ಚಪ್ಪರವು ನಡೆಯಿಸುವ ಜೀವನವೂ ಇಂತಹುದೇ.

ಬೆಂಗಳೂರಿನ ಮಣ್ಣಿಗೂ ಹವೆಗೂ ಬಳ್ಳಿಯು ಒಗ್ಗುವುದೆಂಬುದಕ್ಕೆ ಹಳೆಯ ಸಾಕ್ಷಿಯೊಂದುಂಟು. ಹೈದರಾಲಿಯು 1760ರಲ್ಲಿ ಪ್ರಾರಂಭಿಸಿ ಟಿಪ್ಪುವು ದೇಶಾಂತರಗಳಿಂದ ಗಿಡಗಳನ್ನು ತರಿಸಿ ಬೆಳಸಿದ ತೋಟಗಳನ್ನು, ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ನನು ಕಂಡು ಬರೆದಿಟ್ಟಿದ್ದಾನೆ. ಚೌಕವಾದ ಪಾತಿಗಳು, ಅವುಗಳ ನಡುವಣ ದಾರಿಗಳ ಎರಡು ಬದಿಗೂ ಸೈಪ್ರೆಸ್ ಮರಗಳು, ಒಂದು ಪಾತಿಯ ತುಂಬ ಗುಲಾಬಿ, ಮತ್ತೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ನೆಲವನ್ನು ವಿಂಗಡಿಸಿದ ಮುಸಲ್ಮಾನೀ ಕ್ರಮ. ಅಲ್ಲಿ ದ್ರಾಕ್ಷಿಯ ಬಳ್ಳಿಯು ಸಮೃದ್ಧವಾಗಿ ಬೆಳೆಯುತ್ತಿತ್ತೆಂಬುದನ್ನೂ ಆತನು ಗಮನಿಸಿದನು. ಕಲ್ಲುಕಂಬಗಳ ಮೇಲೆ ತಂತಿಯನ್ನೆಳೆದು ದ್ರಾಕ್ಷಿಯನ್ನು ಹಬ್ಬಿಸುವ ಚಪ್ಪರಗಳು ಮುಂದೆ ಬೆಂಗಳೂರಿನ ಸುತ್ತಣ ಹಳ್ಳಿಗಳ ಗುರುತೇ ಆದುವು. ಹೈದರನು ಪ್ರಾರಂಭಿಸಿದ ಆ ತೋಟವೇ ಆದ ಲಾಲ್‌ಬಾಗು ಕೆಲವು ಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಆಡಳಿತಕ್ಕೊಳಪಟ್ಟಿದ್ದು, 1856ರಲ್ಲಿ ಸರ್ಕಾರದ ಸಸ್ಯಶಾಸ್ತ್ರೀಯ ಉದ್ಯಾನವಾಯಿತು; ಎರಡು ವರ್ಷಗಳ ಬಳಿಕ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡನು.

ಆ ಹೊತ್ತಿಗೆ ಗಿಡಗಳು ಸಮುದ್ರವನ್ನು ದಾಟುವ ಬಗೆಯೇ ಮಾರ್ಪಟ್ಟಿತ್ತು. ಅದಕ್ಕೆ ಮುಂಚೆ ಹಡಗಿನ ಮೇಲೆ ಸಾಗಿಸಿದ ಸಸಿಗಳಲ್ಲಿ ಬಹುಪಾಲು ಉಪ್ಪುಗಾಳಿಗೂ ಸಿಹಿನೀರಿನ ಅಭಾವಕ್ಕೂ ಬಲಿಯಾಗುತ್ತಿದ್ದುವು. ಲಂಡನ್ನಿನ ವೈದ್ಯನಾದ ನಥೇನಿಯಲ್ ವಾರ್ಡನು, ಬಾಯಿ ಮುಚ್ಚಿದ ಸೀಸೆಯೊಳಗಿನ ತೇವದ ಮಣ್ಣಿನಲ್ಲಿ ಜರಿಗಿಡವೊಂದು ತಾನಾಗಿ ಮೊಳೆತು ಬಾಳುತ್ತಿರುವುದನ್ನು 1829ರಲ್ಲಿ ಕಂಡು, ಗಾಜಿನ ಮುಚ್ಚುಪೆಟ್ಟಿಗೆಯಲ್ಲಿ ಸಸಿಗಳನ್ನಿಟ್ಟರೆ ಅವು ತಿಂಗಳುಗಟ್ಟಲೆ ಬದುಕುವುವೆಂದು ಊಹಿಸಿ, 1833ರಲ್ಲಿ ಅಂತಹ ಪೆಟ್ಟಿಗೆಗಳನ್ನು ಆಸ್ಟ್ರೇಲಿಯಕ್ಕೆ ಕಳುಹಿಸಿ ಸಫಲನಾದನು. ದಕ್ಷಿಣ ಅಮೆರಿಕದ ಕಾಡುಬಳ್ಳಿಗಳು ಅಂದಿನಿಂದ ಲೋಕವೆಲ್ಲವನ್ನೂ ಸಂಚರಿಸತೊಡಗಿದುವು.

ಅವುಗಳಲ್ಲಿ ಅತ್ಯಂತ ಭಾಗ್ಯಶಾಲಿಯಾದುದು ನಮ್ಮ ಜನ ಕಾಗದದ ಹೂವೆಂದು ಕರೆಯುವ ಬೋಗನ್‌ವಿಲ್ಲ. ಫ್ರಾನ್ಸಿನ ನೌಕಾಧಿಪತಿ ಬೋಗನ್‌ವಿಲ್ಲನ ಭೂಪ್ರದಕ್ಷಿಣೆಯಲ್ಲಿ ಜೊತೆಗಿದ್ದ ಸಸ್ಯಜ್ಞ ಕಾಮರ್ಸಾನನಿಗೆ 1767ರಲ್ಲಿ ರಿಯೊ ಡಿ ಜನೈರೊವಿನ ಬಳಿ ಅದು ದೊರೆಯಿತು. ಗಂಡಸಿನ ವೇಷದಲ್ಲಿ ಆ ಹಡಗನ್ನೇರಿ, ಅವನ ಸಹಾಯಕಳಾಗಿ ಗಿಡಗಳನ್ನು ಸಂಗ್ರಹಿಸುತ್ತ ದುಡಿದ ಜ್ಯಾನ್ ಬರೆ ಎಂಬ ಸಾಹಸಿಯ ಹೆಸರನ್ನು ಆ ಬಳ್ಳಿಯ ಚರಿತ್ರೆಯಲ್ಲಿ ಬಿಡುವುದು ಅನ್ಯಾಯವಾದೀತು. 1860ರ ಸುಮಾರಿಗೆ ಅದು ಯೂರೋಪಿನ ಮಾರ್ಗವಾಗಿ ಭಾರತಕ್ಕೆ ಬಂದಿತು. ಹೂವೆಂದು ನಾವು ಬಗೆಯುವುದು ಅದರ ವರ್ಣಮಯವಾದ ಪುಷ್ಪಪತ್ರ. ನಿಜವಾದ ಹೂಗಳು ಅದರ ಮಡಿಲಿನಲ್ಲಿ ಕುಳಿತ ಮೂರು ಸಣ್ಣ ಬಿಳಿಯ ನಳಿಗೆಗಳು. ನೀರು ಹೆಚ್ಚಾದರೆ ಅದು ಎಲೆಗೆ ತಿರುಗುವುದು. ಒಣಗಿದ ನೆಲದಲ್ಲಿಯೇ ಅದರ ವರ್ಣವು ಉಜ್ಜ್ವಲವಾಗುವುದು. ಮೂರು ಸಾವಿರ ಅಡಿ ಎತ್ತರದ ಈ ಪ್ರಸ್ಥಭೂಮಿಯ ಕೆಮ್ಮಣ್ಣು, ಮಾಗಿಯಿಂದ ಬೇಸಗೆಯವರೆಗಿನ ಒಣಹವೆ ಇವೆರಡೂ ಅದಕ್ಕೆ ತವರುಮನೆಯಂತಾದುವು. ಬಚ್ಚಲ ನೀರನ್ನು ಬೇಡದ, ಕೈಗೆಲಸವನ್ನು ಅಪೇಕ್ಷಿಸದ, ಮುಡಿಗೇರದ ಈ ಬಳ್ಳಿಯು ಹಿತ್ತಿಲಿಗೆ ಹೋಗಬೇಕಾದ ಕಾರಣವೇ ಇರಲಿಲ್ಲ. ಅದು ನೇರವಾಗಿ ಬಂಗಲೆಯ ಹೆಬ್ಬಾಗಿಲನ್ನೇರಿತು. ಮೆಕ್ಸಿಕೋವಿನ ಗುಲಾಬಿವರ್ಣದ ಆಂಟಿಗೊನಾನ್, ಹೂವುದುರಿದ ಮೇಲೂ ನೀಲಿಯ ತಾರೆಯಂತಹ ಪುಷ್ಪಕೋಶವನ್ನು ಉಳಿಸಿಕೊಳ್ಳುವ ಪೆಟ್ರಿಯ, ಚಳಿಗಾಲದಲ್ಲಿ ಕಿತ್ತಳೆಯ ಬಣ್ಣವನ್ನು ಸುರಿಸುವ ಬ್ರೆಜಿಲಿನ ಪೈರೊಸ್ಟೀಜಿಯ, ಹಳದಿಯ ಅಲಮಾಂಡ, ಇವೆಲ್ಲ ಅದರ ಬೆನ್ನಿಗೆ ನೆಲೆಯೂರಿದುವು. ಪೂರ್ವದಿಕ್ಕಿನ ರಂಗೂನ್ ಬಳ್ಳಿಯೊಂದು ಮಾತ್ರ, ಸಂಜೆ ಬಿಳಿಯಾಗಿ ಅರಳಿ, ಮರುದಿನ ನಸುಗೆಂಪಾಗಿ, ಕಡೆಗೆ ಕೆಂಪಾಗುವ ತನ್ನ ಹೂಗಳಲ್ಲಿ ಹಳೆಯ ಕಾಲದ ಪರಿಮಳವನ್ನೂ ಹೊಸ ಕಾಲದ ವರ್ಣವನ್ನೂ ಒಟ್ಟಿಗೆ ಇರಿಸಿಕೊಂಡು ಬಂದಿತು.

1898ರ ಪ್ಲೇಗಿನ ಹಾವಳಿಯು ಬೆಂಗಳೂರಿನ ಪೇಟೆಯ ಇಕ್ಕಟ್ಟನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಅದರ ಬೆನ್ನಲ್ಲೇ ಬಸವನಗುಡಿ ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲಿ ಎತ್ತಿದ ಮನೆಗಳಿಗೆ ಹಿಂದೆ ಹಿತ್ತಿಲೂ ಇತ್ತು, ಮುಂದೆ ಕೈತೋಟವೂ ಇತ್ತು. ದಂಡುಪ್ರದೇಶದ ಬಂಗಲೆಯ ಬಳ್ಳಿಯೂ ಅಗ್ರಹಾರದ ಮಲ್ಲಿಗೆಯೂ ಒಂದೇ ನಿವೇಶನದಲ್ಲಿ ಸಂಧಿಸಿದುದು ಅಲ್ಲಿ. 1908ರಲ್ಲಿ ಲಾಲ್‌ಬಾಗಿನ ಅಧಿಕಾರವನ್ನು ವಹಿಸಿದ ಜರ್ಮನ್ ತಜ್ಞ ಕ್ರುಂಬೀಗಲ್ಲರು, ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ರಸ್ತೆಯ ಸಾಲುಮರಗಳನ್ನು ಯೋಜಿಸಿ, ವರ್ಷದ ಎಲ್ಲ ಋತುಗಳನ್ನೂ ನಗರಕ್ಕೆ ಹೂವಿನಿಂದ ತುಂಬಿಕೊಟ್ಟ ಮಹನೀಯರು. ಹಿತ್ತಿಲಿನ ಹೆಂಗಸರು ದುಂಡುಮಲ್ಲಿಗೆಗೂ ಜಾಜಿಗೂ ಕಲ್ಪಿಸಿದ್ದ ಸರದಿಯ ಏರ್ಪಾಡು ಇದೇ ಅಲ್ಲವೇ? ಎರಡು ಮಾರು ಉದ್ದದ ಚಪ್ಪರಕ್ಕೂ ಇದನ್ನು ಅನ್ವಯಿಸಬಹುದು. ಒಂದು ಕೊನೆಯಲ್ಲಿ ಪೈರೊಸ್ಟೀಜಿಯವನ್ನೂ ಇನ್ನೊಂದರಲ್ಲಿ ರಂಗೂನ್ ಬಳ್ಳಿಯನ್ನೂ ನೆಟ್ಟವನಿಗೆ ಮಾಗಿಯೂ ಮಳೆಗಾಲವೂ ಬರಿದಾಗಿ ಕಳೆಯುವುದಿಲ್ಲ.

ಆದರೆ ಋತುವಿಗೆ ಮೊದಲು ನೋಡತಕ್ಕುದು ಬಳ್ಳಿಯ ನಡತೆ. ಚಾರ್ಲ್ಸ್ ಡಾರ್ವಿನ್ನನು 1865ರಲ್ಲಿ ಹೊರಗೆಡವಿದ ತನ್ನ ದೀರ್ಘ ಪ್ರಬಂಧದಲ್ಲಿ, ಕಾಂಡದಿಂದಲೇ ಸುತ್ತುವ ಬಳ್ಳಿಗಳನ್ನೂ ಎಲೆತೊಟ್ಟಿನಿಂದಲೋ ಕುಡಿಯಿಂದಲೋ ಹಿಡಿಯುವವನ್ನೂ ಕೊಕ್ಕೆಮುಳ್ಳುಗಳಿಂದ ಅಡರುವವನ್ನೂ ಬೇರುಗಳಿಂದ ಅಂಟುವವನ್ನೂ ಬೇರೆಬೇರೆಯಾಗಿ ಪರಿಶೀಲಿಸಿದನು. ತೋಟಗಾರನಿಗೆ ಇದು ಕೇವಲ ಶಾಸ್ತ್ರದ ವಿಷಯವಲ್ಲ. ಕುಡಿಯಿಂದ ಹಿಡಿಯುವ ಪೈರೊಸ್ಟೀಜಿಯಕ್ಕೆ ತೆಳುವಾದ ತಂತಿ ಬೇಕು, ದಪ್ಪ ಕಂಬವನ್ನು ಅದು ಹಿಡಿಯಲಾರದು. ಪೆಟ್ರಿಯವು ಸುತ್ತುತ್ತ ಮೇಲೇರುವುದು, ಆದರೆ ಅದರ ಮಂದಗತಿಗೆ ತಾಳ್ಮೆಯಿರಬೇಕು. ಬೋಗನ್‌ವಿಲ್ಲವು ಮುಳ್ಳೂರಿ ಒರಗುವುದಲ್ಲದೆ ಸುತ್ತಲರಿಯದಾದುದರಿಂದ ಕಟ್ಟಿ ನಡೆಸಬೇಕು, ಮತ್ತು ಪ್ರಾಯಕ್ಕೆ ಬಂದ ಮೇಲೆ ಅದರ ಭಾರವನ್ನು ಬಿದಿರು ಹೊರಲಾರದು. ಮಾಧವಿಯಂತೂ ಹೆಮ್ಮರವನ್ನೇ ಮುಚ್ಚಬಲ್ಲ ಮಹಾಲತೆ. ಮಾರಿಷಸ್ ರಿಯೂನಿಯನ್ ದ್ವೀಪಗಳಲ್ಲಿ ಅದು ತೋಟವನ್ನು ದಾಟಿ ಕಾಡನ್ನೇ ಆಕ್ರಮಿಸಿದೆ. ಯಕ್ಷನ ಮಂಟಪದ ಕಂಬಗಳು ಶಿಲೆಯವೇ ಇದ್ದಿರಬೇಕೆಂದು ಅದನ್ನು ಕಂಡವರಿಗೆ ತೋರದಿರದು.

ಈ ಕಥೆಯಲ್ಲಿ ನನಗೆ ನೋವನ್ನುಂಟುಮಾಡುವ ಅಂಶವೊಂದಿದೆ. ಬ್ರೆಜಿಲಿನ ಬಳ್ಳಿಯನ್ನು ಆದರದಿಂದ ಬರಮಾಡಿಕೊಂಡ ನಾವು, ಮೈಸೂರಿನ ಹೆಸರನ್ನೇ ಹೊತ್ತಿರುವ ನಮ್ಮ ಕಾಡಿನ ಬಳ್ಳಿಯನ್ನು ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. ಸಸ್ಯಶಾಸ್ತ್ರಜ್ಞರು ತುನ್‌ಬರ್ಜಿಯ ಮೈಸೂರೆನ್ಸಿಸ್ ಎಂದು ಕರೆಯುವ ಈ ಲತೆಯು ಸಹ್ಯಾದ್ರಿಯ ತಂಪಿನಲ್ಲಿ ಹುಟ್ಟಿದುದು. ಈಸ್ಟ್ ಇಂಡಿಯ ಕಂಪನಿಯ ವೈದ್ಯನಾಗಿ ಬಂದು ದಕ್ಷಿಣ ಭಾರತದ ಸಸ್ಯಗಳಿಗಾಗಿ ಜೀವಮಾನವನ್ನು ಸವೆಸಿದ ರಾಬರ್ಟ್ ವೈಟನು ಅದಕ್ಕೆ ಮೊದಲು ಶಾಸ್ತ್ರೀಯ ನಾಮವನ್ನಿತ್ತನು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಅದು ಇಂಗ್ಲೆಂಡಿನ ಗಾಜಿನ ಮನೆಗಳನ್ನು ಸೇರಿ, ಅಲ್ಲಿಯ ಸಸ್ಯಪತ್ರಿಕೆಯಲ್ಲಿ ಬಣ್ಣದ ಚಿತ್ರವಾಗಿ ಮೆರೆಯಿತು. ಹಳದಿಯ ನಳಿಗೆ, ಕೆಂಗಂದು ತುಟಿ, ಇಂತಹ ಹೂಗಳನ್ನು ಪೋಣಿಸಿದ ಉದ್ದನೆಯ ಸರಗಳು ನೆಲದ ಕಡೆಗೆ ನೇರವಾಗಿ ತೂಗುತ್ತವೆ. ಮಧುವನ್ನರಸಿ ಸೂರಕ್ಕಿಗಳು ಬರುತ್ತವೆ. ಗೋಡೆಗೆ ಒರಗಿಸಿದರೆ ಈ ಬಳ್ಳಿಯ ಅರ್ಧ ಚೆಲುವು ವ್ಯರ್ಥವಾಗುವುದು; ಇದು ಚಪ್ಪರಕ್ಕೆಂದೇ ಹುಟ್ಟಿದ ಬಳ್ಳಿ. ಕೈಗೆಟುಕುವ ಮಲ್ಲಿಗೆಯ ಚಪ್ಪರದ ಅಳತೆಯು ಇದಕ್ಕೆ ಸಲ್ಲದು. ಸರಗಳು ತಲೆಗೆ ತಾಗದಂತೆ ಹತ್ತಡಿಯಾದರೂ ಎತ್ತರವಿರಬೇಕು, ಅವು ಕೆಳಗಿಳಿಯುವಂತೆ ಅಡ್ಡಪಟ್ಟಿಗಳ ನಡುವೆ ಒಂದು ಗೇಣು ತೆರವಿರಬೇಕು, ಬೇರಿನ ಬಳಿ ನೆರಳೂ ತೇವವೂ ಆರದಂತೆ ತರಗೆಲೆಗಳನ್ನು ಹೊದಿಸಿರಬೇಕು. ಬಲಿತ ಕಡ್ಡಿಯೊಂದನ್ನು ಮಳೆಗಾಲದ ಆದಿಯಲ್ಲಿ ನೆಟ್ಟರೆ ಅದು ಬೇರುಬಿಡುವುದು ಕಷ್ಟವಲ್ಲ.