ಬೆಳ್ಳಿಯ ಲೇಪ ಮತ್ತು ಹೃದಯದ ಕವಾಟ

ಬೆಳ್ಳಿಯು ಸೂಕ್ಷ್ಮಜೀವಿಗಳಿಗೆ ಮಾರಕವೆಂಬುದು ವೈದ್ಯಶಾಸ್ತ್ರಕ್ಕೆ ಹೊಸ ಅರಿವಲ್ಲ. ಲೈಪ್ಸಿಗ್ ನಗರದ ಪ್ರಸೂತಿವೈದ್ಯ ಕಾರ್ಲ್ ಕ್ರೆಡೆಯು 1880ರಿಂದ ನವಜಾತ ಶಿಶುಗಳ ಕಣ್ಣಿಗೆ ಬೆಳ್ಳಿಯ ನೈಟ್ರೇಟ್ ದ್ರಾವಣವನ್ನು ಹಾಕಿ, ಕುರುಡುತನವನ್ನು ತರುವ ಸೋಂಕನ್ನು ಬಹುಮಟ್ಟಿಗೆ ತಡೆದನು. ಸ್ವಿಸ್ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿಯ ನಿಧನಾನಂತರ, 1893ರಲ್ಲಿ, ಪ್ರಕಟವಾದ ಪ್ರಬಂಧವು ಲೋಹದ ಅತ್ಯಲ್ಪ ಅಂಶವೂ ಜೀವಕೋಶವನ್ನು ಕೊಲ್ಲಬಲ್ಲುದೆಂದು ತೋರಿಸಿತು. ಅವನು ಪರೀಕ್ಷಿಸಿದ್ದು ರೋಗಾಣುಗಳನ್ನಲ್ಲ, ನಿರಪಾಯಕಾರಿಯಾದ ಪಾಚಿಯನ್ನು ಎಂಬುದು ಗಮನಾರ್ಹ.

ಕೃತಕ ಹೃದಯಕವಾಟಗಳು ಬಳಕೆಗೆ ಬಂದ ತರುವಾಯ ಸೋಂಕಿನ ಸಮಸ್ಯೆ ಬೇರೊಂದು ರೂಪವನ್ನು ತಾಳಿತು. ಕವಾಟವನ್ನು ಹೃದಯಕ್ಕೆ ಹೊಲಿಯುವುದು ಅದರ ಸುತ್ತಲಿನ ಬಟ್ಟೆಯ ಪಟ್ಟಿಯ ಮೂಲಕ. ಅಲ್ಲಿ ಸೂಕ್ಷ್ಮಜೀವಿಗಳು ಅಂಟಿಕೊಂಡು ಪೊರೆಗಟ್ಟಿದರೆ ಔಷಧಕ್ಕೆ ಸುಲಭವಾಗಿ ಮಣಿಯವು. ಆದಕಾರಣ ಅಮೆರಿಕದ ಸೇಂಟ್ ಜೂಡ್ ಮೆಡಿಕಲ್ ಸಂಸ್ಥೆಯು ಆ ಪಟ್ಟಿಗೆ ಬೆಳ್ಳಿಯನ್ನು ಲೇಪಿಸಿ, 1997ರಲ್ಲಿ 'ಸಿಲ್‌ಝೋನ್' ಕವಾಟವನ್ನು ಬಳಕೆಗೆ ತಂದಿತು.

ಲೇಪದಿಂದ ಸೋಂಕು ಇಳಿಯುವುದೇ ಎಂಬುದನ್ನು ನಿರ್ಣಯಿಸಲು 1998ರಲ್ಲಿ 'ಏವರ್ಟ್' ಪರೀಕ್ಷೆ ಆರಂಭವಾಯಿತು. ಅದರಲ್ಲಿ 807 ರೋಗಿಗಳನ್ನು ಎರಡು ಗುಂಪು ಮಾಡಿ, ಲೇಪಿತ ಕವಾಟವನ್ನು ಸಾಮಾನ್ಯ ಕವಾಟದೊಡನೆ ಹೋಲಿಸಲಾಯಿತು. ಲೇಪಿತ ಗುಂಪಿನಲ್ಲಿ ಕವಾಟದ ಅಂಚಿನಿಂದ ರಕ್ತ ಸೋರುವ ಪ್ರಸಂಗಗಳು ಹೆಚ್ಚಾಗಿ ಕಂಡುಬಂದವು. ಪಟ್ಟಿಯೊಳಕ್ಕೆ ಬೆಳೆದು ಕವಾಟವನ್ನು ಭದ್ರಪಡಿಸಬೇಕಾದ ಅಂಗಾಂಶವನ್ನೇ ಬೆಳ್ಳಿಯು ಕುಂಠಿತಗೊಳಿಸಿರಬೇಕೆಂದು ತಜ್ಞರು ಊಹಿಸಿದರು. 2000ದ ಜನವರಿಯಲ್ಲಿ ಸಂಸ್ಥೆಯು ಕವಾಟಗಳನ್ನು ಹಿಂತೆಗೆದುಕೊಂಡಿತು. ಆದರೆ ಅದಾಗಲೇ ಎದೆಯೊಳಗೆ ಸೇರಿದ್ದ ಕವಾಟಗಳನ್ನು ಹಾಗೆ ಹಿಂದಕ್ಕೆ ಪಡೆಯುವುದು ಸಾಧ್ಯವಿರಲಿಲ್ಲ. ಅವನ್ನು ಧರಿಸಿದವರು ವೈದ್ಯರ ನಿಗಾವಣೆಯಲ್ಲಿಯೇ ಬಾಳಬೇಕಾಯಿತು.

ಲೇಪದ ಯೋಗ್ಯತೆಯನ್ನು ಅದು ಕೊಲ್ಲುವ ಸೂಕ್ಷ್ಮಜೀವಿಗಳಿಂದ ಮಾತ್ರವೇ ಅಳೆಯಲಾಗದು. ಅದು ಬದುಕಗೊಡುವ ಜೀವಕೋಶಗಳಿಂದಲೂ ಅಳೆಯಬೇಕು. ನೇಗೆಲಿಯ ಪಾಚಿ ಈ ಎಚ್ಚರಿಕೆಯನ್ನು ಶತಮಾನದ ಹಿಂದೆಯೇ ನೀಡಿತ್ತು.