ಅಧಿಕಾರ ಟೋಕನ್ ಲೈಬ್ರರಿಗಳ ಭದ್ರತಾ ದೋಷಗಳು

ಜಾಲತಾಣವೊಂದಕ್ಕೆ ಒಮ್ಮೆ ಲಾಗಿನ್ ಆದವರನ್ನು ಪುಟಪುಟಕ್ಕೂ ಪಾಸ್‌ವರ್ಡ್ ಕೇಳುವುದಿಲ್ಲ. ಸರ್ವರ್ ಆಗಲೇ ಸಹಿ ಹಾಕಿ ಕೊಟ್ಟ ಚೀಟಿಯೊಂದನ್ನು ಬ್ರೌಸರ್ ಅಥವಾ ಆ್ಯಪ್ ಪ್ರತಿ ಸಲವೂ ತೋರಿಸುತ್ತದೆ. ಈ ಚೀಟಿಯೇ ಅಧಿಕಾರ ಟೋಕನ್. ಹಿಂದಿನ ಕಾಲದ ರಹದಾರಿಯಂತೆ ಹೊತ್ತವರು ಯಾರು, ಎಲ್ಲಿಯವರೆಗೆ ಹೋಗಬಹುದು, ಅವಧಿ ಎಂದು ಮುಗಿಯುತ್ತದೆ ಎಂಬುದೆಲ್ಲ ಅದರಲ್ಲೇ ಬರೆದಿರುತ್ತದೆ. ಕೊಟ್ಟವರ ಮುದ್ರೆಯೂ ಅದರಲ್ಲೇ ಇರುತ್ತದೆ. ಮುದ್ರೆ ಅಸಲಿಯೋ ನಕಲಿಯೋ ಎಂದು ನೋಡುವ ಕೆಲಸವನ್ನು ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ತಾವೇ ಬರೆಯದೆ ಸಿದ್ಧ ಲೈಬ್ರರಿಗಳಿಗೆ ಒಪ್ಪಿಸುತ್ತಾರೆ. ಹಾಗಾಗಿ ಲೈಬ್ರರಿಯಲ್ಲಿ ಒಂದು ತಪ್ಪು ನುಸುಳಿದರೆ ಅದನ್ನು ನಂಬಿದ ಎಲ್ಲ ತಾಣಗಳ ಬಾಗಿಲೂ ಒಟ್ಟಿಗೇ ತೆರೆದುಕೊಳ್ಳಬಹುದು. ಇಂಥ ತಪ್ಪುಗಳ ಇತಿಹಾಸವನ್ನು ಬಿಡಿಬಿಡಿ ಪ್ರಮಾದಗಳ ಪಟ್ಟಿಯಾಗಿ ಹೇಳುವುದೇ ರೂಢಿ. ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ ಬಹುಪಾಲಿಗೆ ಬೇರು ಒಂದೇ ಎಂಬುದು ಕಾಣುತ್ತದೆ: ತನ್ನನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವ ಹಕ್ಕನ್ನು, ಪರೀಕ್ಷೆಗೆ ಒಳಗಾಗಬೇಕಾದ ಟೋಕನ್‌ಗೇ ಬಿಟ್ಟುಕೊಟ್ಟದ್ದು.

ಈ ಬೇರು ಇಂದು ಬಳಕೆಯಲ್ಲಿರುವ ಟೋಕನ್‌ಗಳಿಗಿಂತ ಹಳೆಯದು. 2005ರಲ್ಲಿ ಎರಡನೇ ಆವೃತ್ತಿ ಕಂಡ ಸ್ಯಾಮಲ್ ಎಂಬ ವ್ಯವಸ್ಥೆಯಲ್ಲಿ ಎಕ್ಸ್‌ಎಂಎಲ್ ದಾಖಲೆಯೇ ರಹದಾರಿ. ತನ್ನ ಯಾವ ಭಾಗಕ್ಕೆ ಸಹಿ ಬಿದ್ದಿದೆ ಎಂಬುದನ್ನೂ ಆ ದಾಖಲೆಯೇ ಸೂಚಿಸುತ್ತದೆ. ದಾಳಿಕೋರ ಅಸಲಿ ಭಾಗವನ್ನು ಒಂದು ಮೂಲೆಗೆ ಸರಿಸಿ, ನಕಲಿ ಭಾಗವನ್ನು ಮುಂದಿಟ್ಟರೆ ಸಹಿ ನೋಡುವ ಕೋಡ್ ಮೂಲೆಯದನ್ನು ನೋಡಿ ತಲೆಯಾಡಿಸುತ್ತದೆ. ಹೆಸರು ಓದುವ ಕೋಡ್ ಮುಂದಿನದನ್ನು ಓದಿ ಒಳಗೆ ಬಿಡುತ್ತದೆ. ಯುರಾಯ್ ಸೊಮೊರೊವ್‌ಸ್ಕಿ ಮತ್ತು ಸಂಗಡಿಗರು 2012ರಲ್ಲಿ 14 ಸ್ಯಾಮಲ್ ತಂತ್ರಾಂಶಗಳನ್ನು ಪರೀಕ್ಷಿಸಿದಾಗ 11ರಲ್ಲಿ ಈ ಬಗೆಯ ಬಿರುಕು ಸಿಕ್ಕಿತು. 2025ರಲ್ಲೂ ರೂಬಿ ಭಾಷೆಯ ಸ್ಯಾಮಲ್ ಲೈಬ್ರರಿಯಲ್ಲಿ, ಒಂದೇ ದಾಖಲೆಯನ್ನು ಎರಡು ಬೇರೆ ಪಾರ್ಸರ್‌ಗಳು ಬೇರೆಬೇರೆಯಾಗಿ ಓದುತ್ತಿದ್ದುದರಿಂದ ಅದರ ತಂಗಿಯಂಥ ದೋಷವೇ ಹೊರಬಿತ್ತು.

ಎಕ್ಸ್‌ಎಂಎಲ್‌ನ ಈ ಜಟಿಲತೆಗೆ ಬೇಸತ್ತವರಿಗೆ ಸರಳವಾಗಿ ಕಂಡದ್ದು ಜೆಸನ್ ವೆಬ್ ಟೋಕನ್, ಅಂದರೆ ಜೆಡಬ್ಲ್ಯೂಟಿ. ಅದನ್ನು 'ಜಾಟ್' ಎಂದು ಉಚ್ಚರಿಸಬೇಕೆಂದು ಮಾನಕದಲ್ಲೇ ಸಲಹೆ ಇದೆ. ಮೈಕೆಲ್ ಜೋನ್ಸ್, ಜಾನ್ ಬ್ರಾಡ್ಲಿ, ನ್ಯಾಟ್ ಸಾಕಿಮುರ ರೂಪಿಸಿದ ಇದು 2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7519 ಎಂಬ ಮಾನಕವಾಗಿ ಪ್ರಕಟವಾಯಿತು. ಸಹಿ ಮಾಡಿದ ಟೋಕನ್‌ನಲ್ಲಿ ಚುಕ್ಕಿಯಿಂದ ಬೇರ್ಪಟ್ಟ ಮೂರು ತುಂಡುಗಳಿವೆ: ಹೆಡರ್, ಮಾಹಿತಿ, ಸಹಿ. ಯಾವ ವಿಧಾನದಲ್ಲಿ ಸಹಿ ಮಾಡಲಾಗಿದೆ ಎಂದು ಹೆಡರ್ ಹೇಳುತ್ತದೆ. ಆ ಜಾಗದಲ್ಲಿ ಇಂಗ್ಲಿಷಿನ 'ನನ್' ಎಂದೂ ಬರೆಯಬಹುದು, ಅರ್ಥಾತ್ ಸಹಿಯೇ ಇಲ್ಲ. ಎಲ್ಲ ಲೈಬ್ರರಿಗಳೂ ಕಡ್ಡಾಯವಾಗಿ ಅಳವಡಿಸಬೇಕಾದ ವಿಧಾನಗಳು ಎರಡೇ ಎಂದು ಮಾನಕ ಹೇಳಿತು. ಒಂದು ಎಚ್‌ಎಸ್256, ಇನ್ನೊಂದು ಇದೇ 'ನನ್'. ಬೀಗ ಮಾಡುವವರೆಲ್ಲ ಬೀಗವೇ ಇಲ್ಲದ ಮಾದರಿಯನ್ನೂ ತಪ್ಪದೆ ತಯಾರಿಸಬೇಕೆಂಬಂಥ ನಿಯಮ ಇದು.

ಮಾನಕ ಅಧಿಕೃತವಾಗಿ ಹೊರಬರುವ ಮೊದಲೇ ಕರಡನ್ನು ನೋಡಿ ಬರೆದ ಲೈಬ್ರರಿಗಳು ಹಲವು ಭಾಷೆಗಳಲ್ಲಿ ಬಳಕೆಗೆ ಬಂದಿದ್ದವು. 2015ರ ಮಾರ್ಚ್ 31ರಂದು ಟಿಮ್ ಮೆಕ್ಲೀನ್ ಅವುಗಳಲ್ಲಿ ಎರಡು ದೋಷಗಳನ್ನು ಬಯಲಿಗಿಟ್ಟರು. ಮೊದಲನೆಯದಕ್ಕೆ ವಿವರಣೆಯೇ ಬೇಡ: ಹೆಡರ್‌ನಲ್ಲಿ 'ನನ್' ಎಂದು ಬರೆದು, ಸಹಿಯ ಜಾಗ ಖಾಲಿ ಬಿಟ್ಟರೆ ಕೆಲವು ಲೈಬ್ರರಿಗಳು ಟೋಕನ್ ಸರಿಯಾಗಿದೆ ಎಂದೇ ತೀರ್ಪು ಕೊಡುತ್ತಿದ್ದವು. ಎರಡನೆಯದು ಹೆಚ್ಚು ಜಾಣತನದ್ದು. ಆರ್‌ಎಸ್256 ವಿಧಾನದಲ್ಲಿ ಸಹಿ ಮಾಡಲು ಗುಪ್ತ ಕೀಲಿ, ಪರೀಕ್ಷಿಸಲು ಸಾರ್ವಜನಿಕ ಕೀಲಿ. ಸಾರ್ವಜನಿಕ ಕೀಲಿ ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಎಚ್‌ಎಸ್256ರಲ್ಲಿ ಎರಡೂ ಕೆಲಸಕ್ಕೆ ಒಂದೇ ರಹಸ್ಯ ಪದ. ಲೈಬ್ರರಿಯ ಪರಿಶೀಲನಾ ಫಂಕ್ಷನ್ ಮಾತ್ರ ಎರಡು ವಿಧಾನಕ್ಕೂ ಒಂದೇ ಆಗಿತ್ತು: ಟೋಕನ್ ಕೊಡಿ, ಕೀಲಿ ಕೊಡಿ, ಉಳಿದದ್ದನ್ನು ಹೆಡರ್ ನೋಡಿ ನಾನು ತೀರ್ಮಾನಿಸುತ್ತೇನೆ. ದಾಳಿಕೋರ ಹೆಡರ್‌ನಲ್ಲಿ ಎಚ್‌ಎಸ್256 ಎಂದು ತಿದ್ದಿ, ಎಲ್ಲರಿಗೂ ಸಿಗುವ ಸಾರ್ವಜನಿಕ ಕೀಲಿಯ ಅಕ್ಷರಗಳನ್ನೇ ರಹಸ್ಯ ಪದವಾಗಿ ಬಳಸಿ ಸಹಿ ಮಾಡಿದರೆ ಆಯಿತು. ಸರ್ವರ್ ತನ್ನ ಬಳಿಯಿದ್ದ ಅದೇ ಕೀಲಿಯನ್ನು ಕೊಡುತ್ತದೆ, ಲೈಬ್ರರಿ ಅದನ್ನು ರಹಸ್ಯ ಪದವೆಂದು ಭಾವಿಸುತ್ತದೆ, ಲೆಕ್ಕ ತಾಳೆಯಾಗುತ್ತದೆ. ನೋಡ್ ಲೋಕದ ಜೆಸನ್‌ವೆಬ್‌ಟೋಕನ್ ಲೈಬ್ರರಿ ಇದನ್ನು 4.2.2 ಆವೃತ್ತಿಯಲ್ಲಿ ಸರಿಪಡಿಸಿತು.

ಮಾನಕದ ಪರ ವಾದಿಸುವವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ಯಾವ ವಿಧಾನವನ್ನು ಒಪ್ಪಬೇಕೆಂಬ ಕೊನೆಯ ನಿರ್ಧಾರ ಪರೀಕ್ಷಿಸುವವರದೇ ಎಂದು ಮಾನಕ ಹೇಳಿಯೇ ಇತ್ತು, ಓದದೆ ಕೋಡ್ ಬರೆದವರ ತಪ್ಪಿಗೆ ಬರಹ ಹೊಣೆಯೇ? ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪರಸ್ಪರ ಸಂಬಂಧವಿಲ್ಲದ ಜನ, ಬೇರೆಬೇರೆ ಭಾಷೆಗಳಲ್ಲಿ, ಒಂದೇ ಗುಂಡಿಗೆ ಬಿದ್ದರೆ ಬಿದ್ದವರ ಕಣ್ಣನ್ನಷ್ಟೇ ದೂರಿ ಸುಮ್ಮನಾಗಲಾಗದು. ಗುಂಡಿ ಇರುವುದು ನಡೆಯುವ ದಾರಿಯಲ್ಲೇ. ತೇಪೆಗಳ ಕಥೆ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ. ಪೈಥಾನ್ ಭಾಷೆಯ ಪೈಜೆಡಬ್ಲ್ಯೂಟಿ, ಸಾರ್ವಜನಿಕ ಕೀಲಿಯಂತೆ ಕಾಣುವ ಅಕ್ಷರಸಾಲನ್ನು ರಹಸ್ಯ ಪದವಾಗಿ ಸ್ವೀಕರಿಸದಂತೆ ನಿಷೇಧಿತ ಆರಂಭಗಳ ಒಂದು ಪಟ್ಟಿ ಇಟ್ಟುಕೊಂಡಿತು. 2017ರಲ್ಲಿ ಪಟ್ಟಿಯಲ್ಲಿಲ್ಲದ ಇನ್ನೊಂದು ಕೀಲಿ ಬರವಣಿಗೆ ಸಿಕ್ಕಿತು; ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2017-11424. 2022ರಲ್ಲಿ ಮತ್ತೊಂದು, ಸಿವಿಇ-2022-29217. ಈ ಸಲ ಅಪಾಯವಿದ್ದದ್ದು ಎಲ್ಲ ವಿಧಾನಗಳನ್ನೂ ಒಪ್ಪುವಂತೆ ಬರೆದ ಆ್ಯಪ್‌ಗಳಿಗೆ ಮಾತ್ರ. 2024ರಲ್ಲಿ ಪೈಥಾನ್-ಜೋಸ್ ಎಂಬ ಬೇರೆಯೇ ಲೈಬ್ರರಿಯಲ್ಲಿ ಅದೇ ಕಥೆ. 'ನನ್' ಕೂಡ ಹೀಗೇ ಹಿಂದಿರುಗಿತು. 2020ರಲ್ಲಿ ಆಥ್‌ಝೀರೋ ಕಂಪನಿಯ ಸೇವೆಯಲ್ಲಿದ್ದ ತಡೆ ಸಣ್ಣಕ್ಷರದ 'ನನ್' ಅನ್ನು ಮಾತ್ರ ಗುರುತಿಸುತ್ತಿತ್ತು. ಕೊನೆಯ ಅಕ್ಷರವನ್ನು ದೊಡ್ಡದಾಗಿ ಬರೆದರೆ ದಾರಿ ಸಲೀಸು. ಮೆಕ್ಲೀನ್ ಅವರ 2015ರ ಬರಹವನ್ನು ಪ್ರಕಟಿಸಿದ್ದು ಇದೇ ಕಂಪನಿ.

ವಿಧಾನದ ಹೆಸರಿನಾಚೆಗೂ ಹೆಡರ್ ಮಾತಾಡುತ್ತದೆ. ತನ್ನನ್ನು ಪರೀಕ್ಷಿಸಬೇಕಾದ ಕೀಲಿಯನ್ನೇ ಟೋಕನ್ ತನ್ನೊಳಗೆ ಹೊತ್ತು ತರಬಹುದು. ಸಿಸ್ಕೊದ ನೋಡ್-ಜೋಸ್ ಲೈಬ್ರರಿ 0.11.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹಾಗೆ ಬಂದ ಕೀಲಿಯನ್ನು ನಂಬುತ್ತಿತ್ತು. ಕಳ್ಳ ತಾನೇ ಸಹಿ ಹಾಕಿ, ತನ್ನ ಸಹಿಯ ಮಾದರಿಯನ್ನೂ ತಾನೇ ಲಗತ್ತಿಸಿದಂತೆ. ಸಿವಿಇ-2018-0114ರ ವಿವರಣೆ ಈ ದೋಷಕ್ಕೆ ಕೊಟ್ಟ ಕಾರಣ ಗಮನಾರ್ಹ: ಲೈಬ್ರರಿ ಮಾನಕವನ್ನು ಪಾಲಿಸಿದ್ದು. ಓದದೆ ಬರೆದವರು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2017ರಲ್ಲಿ, ಆಂಟೋನಿಯೊ ಸಾನ್ಸೊ ಗೂಢಲಿಪಿಯ ಟೋಕನ್‌ಗಳತ್ತ ತಿರುಗಿದ್ದರು. ಹೆಡರ್‌ನಲ್ಲಿ ಬರುವ ತಾತ್ಕಾಲಿಕ ಕೀಲಿ ನಿಜಕ್ಕೂ ನಿಗದಿತ ವಕ್ರರೇಖೆಯ ಮೇಲಿನ ಬಿಂದುವೇ ಎಂದು ಹಲವು ಲೈಬ್ರರಿಗಳು ನೋಡುತ್ತಲೇ ಇರಲಿಲ್ಲ. ಬೇಕೆಂದೇ ತಪ್ಪು ಬಿಂದುಗಳನ್ನು ಕಳಿಸುತ್ತ ಹೋದರೆ ಸ್ವೀಕರಿಸುವವರ ಗುಪ್ತ ಕೀಲಿಯನ್ನೇ ಚೂರುಚೂರಾಗಿ ಹೊರತೆಗೆಯಬಹುದಿತ್ತು. ಪಾಸ್‌ವರ್ಡ್ ಆಧಾರಿತ ವಿಧಾನದಲ್ಲಿ ಲೆಕ್ಕವನ್ನು ಎಷ್ಟು ಸುತ್ತು ಮಾಡಬೇಕೆಂಬುದನ್ನೂ ಹೆಡರ್ ಹೇಳುತ್ತದೆ. ಮಾನಕ 1000 ಎಂಬ ಕನಿಷ್ಠವನ್ನು ಶಿಫಾರಸು ಮಾಡಿತೇ ಹೊರತು ಗರಿಷ್ಠ ಮಿತಿ ಹಾಕಲಿಲ್ಲ. ಕೋಟಿಗಟ್ಟಲೆ ಸುತ್ತು ಕೇಳುವ ಒಂದು ಟೋಕನ್ ಸರ್ವರನ್ನು ಉಸಿರುಗಟ್ಟಿಸಬಲ್ಲದು.

ಎರಡನೇ ಆಕ್ಷೇಪ ಇನ್ನಷ್ಟು ತೂಕದ್ದು. ಗೂಢಲಿಪಿ ವಿಧಾನಗಳಿಗೆ ವಯಸ್ಸಾಗುತ್ತದೆ; ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಲು ಟೋಕನ್ ತನ್ನ ವಿಧಾನವನ್ನು ಹೇಳಿಕೊಳ್ಳಲೇಬೇಕಲ್ಲವೇ? ಬದಲಾವಣೆಗೆ ಅವಕಾಶ ಬೇಕು, ನಿಜ. ಆದರೆ ಆ ಆಯ್ಕೆಯನ್ನು ಕೀಲಿಗೆ ಕಟ್ಟಬಹುದು. ಈ ಕೀಲಿ ಈ ವಿಧಾನಕ್ಕೆ ಮಾತ್ರ ಎಂದು ಸರ್ವರ್ ಮೊದಲೇ ಗೊತ್ತುಮಾಡಿಕೊಂಡರೆ ಟೋಕನ್ ಕೀಲಿಯ ಗುರುತನ್ನಷ್ಟೇ ಹೇಳಿದರೆ ಸಾಕು. ಪಿಎಚ್‌ಪಿ ಭಾಷೆಯ ಫೈರ್‌ಬೇಸ್ ಲೈಬ್ರರಿ 6.0ರಲ್ಲಿ ಕೀಲಿ ಮತ್ತು ವಿಧಾನವನ್ನು ಒಂದೇ ವಸ್ತುವಾಗಿ ಹೊಲಿದದ್ದು ಹೀಗೆಯೇ. ಪೈಜೆಡಬ್ಲ್ಯೂಟಿ 2.0ರಲ್ಲಿ, ಸಹಿ ನೋಡುವಾಗ ಒಪ್ಪುವ ವಿಧಾನಗಳನ್ನು ಕರೆಯುವವರೇ ಹೇಳುವುದು ಕಡ್ಡಾಯವಾಯಿತು. ಸ್ಕಾಟ್ ಆರ್ಸಿಸ್ಜೆವ್‌ಸ್ಕಿ ರೂಪಿಸಿದ ಪ್ಯಾಸೆಟೊ ಇನ್ನೂ ಮುಂದೆ ಹೋಗಿ ವಿಧಾನಗಳ ಪಟ್ಟಿಯನ್ನೇ ಕೈಬಿಟ್ಟು ಆ ಆಯ್ಕೆಯನ್ನು ಆವೃತ್ತಿ ಸಂಖ್ಯೆಗೆ ಕಟ್ಟಿತು. 2020ರ ಫೆಬ್ರವರಿಯ ಆರ್‌ಎಫ್‌ಸಿ 8725 ಕೂಡ ಒಂದು ಕೀಲಿಗೆ ಒಂದೇ ವಿಧಾನ ಎಂಬ ನಿಯಮಕ್ಕೆ ಬಂತು. ಅದರ ಮೂವರು ಲೇಖಕರಲ್ಲಿ ಮೂಲ ಮಾನಕದ ಮೈಕೆಲ್ ಜೋನ್ಸ್ ಕೂಡ ಒಬ್ಬರು.

ಎಲ್ಲ ದೋಷವನ್ನೂ ಈ ಒಂದು ಬೇರಿಗೆ ಕಟ್ಟಲಾಗದು. 2022ರಲ್ಲಿ ನೀಲ್ ಮ್ಯಾಡನ್ ತೋರಿಸಿದಂತೆ, ಜಾವಾ 15ರಿಂದ 18ರವರೆಗೆ ಎರಡು ಸಂಖ್ಯೆಗಳಿಂದಾಗುವ ಒಂದು ಬಗೆಯ ಸಹಿಯಲ್ಲಿ ಎರಡೂ ಸೊನ್ನೆಯಾಗಿದ್ದರೆ ಅದು ಯಾವ ಸಂದೇಶಕ್ಕಾದರೂ ಸರಿಹೊಂದುತ್ತಿತ್ತು. ಹಳೆಯ ಕೋಡನ್ನು ಜಾವಾದಲ್ಲಿ ಮತ್ತೆ ಬರೆಯುವಾಗ ಒಂದು ತಪಾಸಣೆ ಬಿಟ್ಟುಹೋಗಿತ್ತು, ಅಷ್ಟೇ. ಅದು ಟೋಕನ್‌ನ ವಿನ್ಯಾಸದ ತಪ್ಪಲ್ಲ. ಗೋ ಭಾಷೆಯ ಜೆಡಬ್ಲ್ಯೂಟಿ-ಗೋದಲ್ಲಿ, ಟೋಕನ್ ಯಾರಿಗಾಗಿ ಎಂದು ಹೇಳುವ ಜಾಗದಲ್ಲಿ ಖಾಲಿ ಪಟ್ಟಿ ಇದ್ದರೆ ತಪಾಸಣೆ ತಪ್ಪಿಹೋಗುತ್ತಿದ್ದುದೂ ಇದೇ ಜಾತಿಯದು. ಕೆಲವೊಮ್ಮೆ ದೋಷ ಲೈಬ್ರರಿಯದೋ ಬಳಸಿದವರದೋ ಎಂಬುದೇ ವ್ಯಾಜ್ಯ: ಜೆಸನ್‌ವೆಬ್‌ಟೋಕನ್ ಮೇಲೆ ದಾಖಲಾದ ಸಿವಿಇ-2022-23529 ದೊಡ್ಡ ಸುದ್ದಿಯಾಗಿ, ಟೀಕೆಯ ನಂತರ 2023ರಲ್ಲಿ ಹಿಂತೆಗೆತವಾಯಿತು. ಜೊತೆಯಲ್ಲೇ ದಾಖಲಾಗಿದ್ದ ಸಿವಿಇ-2022-23540 ಮಾತ್ರ ನಿಂತಿತು. ವಿಧಾನ ಯಾವುದೆಂದು ಹೇಳದೆ, ಕೀಲಿಯನ್ನೂ ಖಾಲಿ ಬಿಟ್ಟರೆ, 8.5.1ರವರೆಗಿನ ಆವೃತ್ತಿಗಳು 'ನನ್' ಎಂದೇ ಭಾವಿಸಿಕೊಳ್ಳುತ್ತಿದ್ದವು. 9.0.0 ಆ ಅಭ್ಯಾಸವನ್ನು ತೆಗೆದುಹಾಕಿತು, ಮೆಕ್ಲೀನ್ ಬರೆದು ಏಳು ವರ್ಷ ಕಳೆದ ಮೇಲೆ.